ಓಟದ ಎತ್ತುಗಳಿಗೆ ಔಷಧಪ್ರಯೋಗ: ರಕ್ತಸಂಚಾರದ ದೃಷ್ಟಿಯಿಂದ ಒಂದು ವಿಚಾರ

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳ ಬಯಲುಸೀಮೆಯಲ್ಲಿ ಸುಗ್ಗಿ ಮುಗಿದು ಕಣಗಳು ಬರಿದಾಗುತ್ತಲೇ ಜೋಡೆತ್ತಿನ ಗಾಡಿಯ ಓಟದ ಮಾತು ಏಳುವುದು ಸರ್ವವಿದಿತವಾದ ಸಂಗತಿ. ಅಂತರಘಟ್ಟೆಯ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೊರಡುವ ಒಕ್ಕಲು ಮಕ್ಕಳು ದಾರಿಯುದ್ದಕ್ಕೂ ಎತ್ತುಗಳ ಕಾಲಿನ ಬಲವನ್ನೇ ಕೊಂಡಾಡುತ್ತಾರೆ. ಅಜ್ಜಂಪುರದ ಅಮೃತಮಹಲ್ ತಳಿಸಂವರ್ಧನ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ನಡೆಯುವ ಹೋರಿಕರುಗಳ ಹರಾಜಿಗೆ ದೂರದೂರದ ಜಿಲ್ಲೆಗಳಿಂದ ಜನರು ಬಂದು ಪೈಪೋಟಿಯಿಂದ ಕೂಗುವುದಕ್ಕೆ ಕಾರಣವೂ ಈ ತಳಿಯ ವೇಗ ಮತ್ತು ದಣಿವರಿಯದ ನಡಿಗೆಯೇ ಹೊರತು ಬೇರೆಯಲ್ಲ. ಇಂಥಾ ಅಭಿಮಾನವು ಮೆಚ್ಚತಕ್ಕದ್ದೇ ಸರಿ. ಆದರೆ ಈ ಅಭಿಮಾನದ ನೆರಳಿನಲ್ಲಿ ಬೆಳೆಯುತ್ತಿರುವ ಒಂದು ಅಭ್ಯಾಸವನ್ನು ಕುರಿತು ಗ್ರಾಮದ ಮುಖಂಡರೂ ಜಮೀನುದಾರರೂ ಸಾವಧಾನವಾಗಿ ಆಲೋಚಿಸಬೇಕಾದ ಕಾಲ ಬಂದಿದೆ. ಓಟಕ್ಕೆ ಮುಂಚೆ ಎತ್ತಿಗೆ ಸೂಜಿಮದ್ದು ಹಾಕಿಸುವುದು, ನೋವಿನ ಗುಳಿಗೆ ನುಂಗಿಸುವುದು, ಗೊಟ್ಟದಲ್ಲಿ ಸಾರಾಯಿ ಹೊಯ್ಯುವುದು ಇವೇ ಆ ಅಭ್ಯಾಸ.

ಇದನ್ನು ಮಾಡುವವರೆಲ್ಲರೂ ದುಷ್ಟರೆಂದು ಹೇಳುವುದು ನ್ಯಾಯವಲ್ಲ. ಹೆಚ್ಚು ಮಂದಿ, ಮದ್ದು ಕೊಟ್ಟರೆ ಎತ್ತಿಗೆ ಬಲ ಬರುತ್ತದೆ, ರಕ್ತ ಚುರುಕಾಗಿ ಓಡುತ್ತದೆ ಎಂದು ಮನಃಪೂರ್ವಕವಾಗಿ ನಂಬಿಯೇ ಹಾಗೆ ಮಾಡುತ್ತಾರೆ. ಈ ನಂಬಿಕೆ ಎಷ್ಟುಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸಿ ನೋಡಿದರೆ ಸಾಕು, ಉಳಿದುದು ತಾನಾಗಿಯೇ ತಿಳಿದುಬರುತ್ತದೆ. ಓಡುವ ಎತ್ತಿನ ರಕ್ತಸಂಚಾರವನ್ನು ಕುರಿತು ನಡೆದಿರುವ ಪ್ರಯೋಗಗಳು ಬಹು ಸ್ವಲ್ಪ. ಆದರೆ ಪಂದ್ಯದ ಕುದುರೆಯ ವಿಷಯದಲ್ಲಿ ಕಳೆದ ಐವತ್ತು ವರ್ಷಗಳಿಂದ ನಾನಾ ದೇಶಗಳ ವಿದ್ವಾಂಸರು ಅಪಾರವಾದ ಪರಿಶ್ರಮ ಪಟ್ಟಿದ್ದಾರೆ. ಕುದುರೆಯನ್ನು ಚಲಿಸುವ ಪಟ್ಟೆಯ ಮೇಲೆ ಓಡಿಸಿ, ಅದರ ಹೃದಯದೊಳಕ್ಕೂ ಶ್ವಾಸಕೋಶದ ನಾಳಗಳೊಳಕ್ಕೂ ಸಣ್ಣ ಕೊಳವೆಗಳನ್ನು ಇಳಿಬಿಟ್ಟು, ರಕ್ತದ ಒತ್ತಡವೆಷ್ಟು, ಯಾವ ಅಂಗಕ್ಕೆ ಎಷ್ಟು ರಕ್ತ ಹರಿಯಿತು ಎಂಬುದನ್ನು ಅಳೆದು ಬರೆದಿದ್ದಾರೆ. ಆ ಜ್ಞಾನವು ಕುದುರೆ ಸಾಕದ ರೈತನಿಗೂ ಉಪಯುಕ್ತವಾದುದು.

ಒಳ್ಳೆಯ ಜಾತಿಯ ಕುದುರೆಯ ಹೃದಯವು ಲಾಯದಲ್ಲಿ ನಿಂತಿರುವಾಗ ನಿಮಿಷಕ್ಕೆ ಸುಮಾರು 30ರಿಂದ 40 ಬಾರಿ ಮಿಡಿಯುತ್ತದೆ. ಪೂರ್ಣವೇಗದ ಓಟದಲ್ಲಿ 220ನ್ನು ಮೀರುತ್ತದೆ. ನಿಂತಿರುವಾಗ ನಿಮಿಷಕ್ಕೆ ಮೂವತ್ತು ನಾಲ್ವತ್ತು ಲೀಟರು ರಕ್ತವನ್ನು ನೂಕುತ್ತಿದ್ದ ಅದೇ ಹೃದಯವು ಓಡುವಾಗ 250 ಲೀಟರಿಗೂ ಹೆಚ್ಚು ರಕ್ತವನ್ನು ನೂಕಬಲ್ಲದು. ಇಷ್ಟೇ ಅಲ್ಲ. ಕುದುರೆಯ ಗುಲ್ಮವೆಂಬ ಅಂಗವು ಕೆಂಪು ರಕ್ತಕಣಗಳ ಕಣಜದಂತಿದೆ. ಓಟ ಆರಂಭವಾಗುತ್ತಲೇ ಅದು ಮುದುಡಿಕೊಂಡು, ತಾನು ಕೂಡಿಟ್ಟಿದ್ದ ಕಣಗಳನ್ನು ಸಂಚಾರಕ್ಕೆ ಬಿಡುತ್ತದೆ. ರಕ್ತದಲ್ಲಿ ನೂರಕ್ಕೆ 40 ಪಾಲಿನಷ್ಟಿದ್ದ ಕಣಗಳು ಅಲ್ಪಕಾಲದಲ್ಲಿಯೇ 60 ಪಾಲನ್ನು ಮುಟ್ಟುತ್ತವೆ. ಯಾವ ವೈದ್ಯನ ಸಹಾಯವೂ ಇಲ್ಲದೆ, ಒಂದು ತೊಟ್ಟು ಮದ್ದೂ ಇಲ್ಲದೆ, ಪ್ರಕೃತಿಯು ಈ ಏರ್ಪಾಡನ್ನು ತಾನೇ ಮಾಡಿಟ್ಟಿದೆ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶ ಒಂದುಂಟು. ಓಡುವ ಪ್ರಾಣಿಯ ಹೃದಯ ನೂಕುವ ರಕ್ತದಲ್ಲಿ ಬಹುಭಾಗವು ಕಾಲು, ತೊಡೆ, ಬೆನ್ನುಗಳ ಮಾಂಸಖಂಡಗಳಿಗೂ ಉಸಿರಾಟದ ಖಂಡಗಳಿಗೂ ಹೋಗುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಮುರಳಿ ಮನೋಹರ್ ಎಂಬ ವಿದ್ವಾಂಸರು ಕುದುರೆಗಳ ಮೇಲೂ ಮರಿಗುದುರೆ ಜಾತಿಗಳ ಮೇಲೂ ನಡೆಸಿದ ಪರೀಕ್ಷೆಗಳಿಂದ ಈ ಹಂಚಿಕೆಯು ಸ್ಪಷ್ಟವಾಗಿ ತಿಳಿದುಬಂದಿದೆ. ಖಂಡಗಳಿಗೆ ಹೆಚ್ಚು ರಕ್ತ ಹೋದಾಗ ಮೂತ್ರಪಿಂಡಗಳಿಗೂ ಕರುಳಿಗೂ ಹೋಗುವ ರಕ್ತವು ಬಹಳ ಕಡಿಮೆಯಾಗುತ್ತದೆ. ಕೆರೆಯ ತೂಬಿನಿಂದ ಹೊರಟ ನೀರನ್ನು ಕೆಳಗದ್ದೆಗೆ ತಿರುಗಿಸಿದಾಗ ಮೇಲುಗದ್ದೆಯ ಕಾಲುವೆ ಒಣಗುವುದನ್ನು ಎಲ್ಲ ರೈತರೂ ಬಲ್ಲರು. ರಕ್ತದ ವಿಷಯವೂ ಹಾಗೆಯೇ. ಸ್ವಲ್ಪ ಹೊತ್ತಿನ ಮಟ್ಟಿಗೆ ಮೂತ್ರಪಿಂಡಗಳು ಈ ಬರವನ್ನು ಸಹಿಸಿಕೊಳ್ಳುತ್ತವೆ; ಓಟ ನಿಂತೊಡನೆ ಅವುಗಳ ಪಾಲು ಅವಕ್ಕೆ ಸಲ್ಲುತ್ತದೆ. ಹೊರಗಿನಿಂದ ಕೊಟ್ಟ ಔಷಧವು ಈ ತೂಬುಗಳನ್ನು ಹೊತ್ತಲ್ಲದ ಹೊತ್ತಿನಲ್ಲಿ ತೆರೆದು ಮುಚ್ಚಬಲ್ಲದೇ ಹೊರತು ಕೆರೆಗೆ ಒಂದು ಕೊಡ ನೀರನ್ನೂ ಹೆಚ್ಚಾಗಿ ತರಲಾರದು.

ಕುದುರೆಯ ಪಂದ್ಯಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಗುರಿಯಾಗಿರುವ ಔಷಧವು ಫ್ಯೂರೋಸಮೈಡ್ ಎಂಬುದು. ಇದು ಮೂತ್ರವನ್ನು ಹೆಚ್ಚಿಸುವ ಮದ್ದು. ಇದರ ಉಪಯೋಗ ಏಕೆ ಬಂತೆಂದರೆ, ವೇಗವಾಗಿ ಓಡುವ ಕುದುರೆಯ ಶ್ವಾಸಕೋಶದ ಧಮನಿಯಲ್ಲಿ ರಕ್ತದ ಒತ್ತಡವು ವಿಶ್ರಾಂತಿಕಾಲದ ಸುಮಾರು 25-30 ಮಿಲಿಮೀಟರಿನಿಂದ 100 ಮಿಲಿಮೀಟರನ್ನು ಮೀರಿ ಏರುತ್ತದೆ. ಶ್ವಾಸಕೋಶದೊಳಗಿನ ಕೂದಲೆಳೆಗಿಂತಲೂ ಸೂಕ್ಷ್ಮವಾದ ನಾಳಗಳ ಗೋಡೆಗಳು ಈ ಒತ್ತಡವನ್ನು ತಾಳಲಾರದೆ ಬಿರಿಯುತ್ತವೆ. ರಕ್ತವು ಉಸಿರಿನ ಕೊಳವೆಗಳಿಗೆ ಒಸರುತ್ತದೆ. ಕ್ಯಾಲಿಫೋರ್ನಿಯಾದ ಜಾನ್ ವೆಸ್ಟ್ ಮತ್ತು ಅವರ ಸಂಗಡಿಗರು 1993ರಲ್ಲಿ ಹೀಗೆ ಬಿರಿದ ನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿಕೊಟ್ಟರು. ಈ ರೋಗ ಹೊಸದೇನೂ ಅಲ್ಲ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಫ್ಲೈಯಿಂಗ್ ಚಿಲ್ಡರ್ಸ್ ಎಂಬ ಪ್ರಖ್ಯಾತವಾದ ಕುದುರೆಯ ಒಡಹುಟ್ಟಿಗೆ, ಮೂಗಿನಲ್ಲಿ ರಕ್ತ ಸುರಿಯುತ್ತಿದ್ದ ಕಾರಣ, ಬ್ಲೀಡಿಂಗ್ ಚಿಲ್ಡರ್ಸ್ ಎಂದೇ ಹೆಸರು ಬಿದ್ದಿತ್ತು.

ಫ್ಯೂರೋಸಮೈಡನ್ನು ಓಟಕ್ಕೆ ನಾಲ್ಕು ಗಂಟೆ ಮುಂಚೆ ಕೊಟ್ಟರೆ ಕುದುರೆಯು ಹತ್ತು ಹದಿನೈದು ಕಿಲೋಗ್ರಾಮಿನಷ್ಟು ನೀರನ್ನು ಮೂತ್ರರೂಪವಾಗಿ ಕಳೆದುಕೊಳ್ಳುತ್ತದೆ. ನಾಳಗಳಲ್ಲಿನ ರಕ್ತದ ನೀರಿನ ಭಾಗ ಕುಗ್ಗಿ, ಶ್ವಾಸಕೋಶದ ಒತ್ತಡ ಸ್ವಲ್ಪ ತಗ್ಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 167 ಕುದುರೆಗಳನ್ನು ಒಮ್ಮೆ ಈ ಔಷಧ ಕೊಟ್ಟು, ಇನ್ನೊಮ್ಮೆ ಬರಿಯ ಉಪ್ಪುನೀರು ಕೊಟ್ಟು ಓಡಿಸಿ ನೋಡಿದ ಪರೀಕ್ಷೆಯ ಫಲವು 2009ರಲ್ಲಿ ಪ್ರಕಟವಾಯಿತು. ಉಪ್ಪುನೀರು ಪಡೆದಾಗ ರಕ್ತ ಒಸರುವ ಸಂಭವವು ಮೂರು ಪಟ್ಟಿಗೂ ಮೀರಿ ಕಂಡುಬಂದಿತು. ಆದುದರಿಂದ ಔಷಧವು ನಿಷ್ಪ್ರಯೋಜಕವೆಂದು ಹೇಳುವಂತಿಲ್ಲ. ಪ್ರಶ್ನೆ ಬೇರೆಯೇ ಇದೆ. ಔಷಧ ಪಡೆದ ಕುದುರೆಗಳಲ್ಲಿಯೂ ರಕ್ತ ಒಸರುವುದು ಪೂರ್ತಿಯಾಗಿ ನಿಲ್ಲಲಿಲ್ಲ. ಹೊರಬೇಕಾದ ಭಾರ ಕಡಿಮೆಯಾದ ಕಾರಣ ವೇಗವೂ ಹೆಚ್ಚಿತೆಂದು ಕಂಡಮೇಲೆ, ರೋಗವಿಲ್ಲದ ಕುದುರೆಗಳಿಗೂ ಅದನ್ನು ಕೊಡುವ ಪದ್ಧತಿ ಅಮೆರಿಕದಲ್ಲಿ ಬೇರೂರಿತು. ನ್ಯೂಯಾರ್ಕ್ ಸಂಸ್ಥಾನವು ಬಹುಕಾಲ ಇದನ್ನು ತಡೆದು, ಕೊನೆಗೆ 1995ರಲ್ಲಿ ಒಪ್ಪಿಕೊಂಡಿತು. ಇಂಗ್ಲೆಂಡಿನಲ್ಲಿಯೂ ನಮ್ಮ ದೇಶದ ಪಂದ್ಯಗಳಲ್ಲಿಯೂ ಓಟದ ದಿನ ಇಂಥಾ ಔಷಧಕ್ಕೆ ಅವಕಾಶವಿಲ್ಲ. ಅಮೆರಿಕದವರು ತಾವೇ 2020ರ ಶಾಸನದ ಮೂಲಕ ಎರಡು ವರ್ಷದ ಕುದುರೆಗಳ ಪಂದ್ಯಗಳಲ್ಲಿಯೂ ದೊಡ್ಡ ಬಹುಮಾನದ ಪಂದ್ಯಗಳಲ್ಲಿಯೂ ಅದನ್ನು ನಿರ್ಬಂಧಿಸಲು ತೊಡಗಿದ್ದಾರೆ. “ಅಮೆರಿಕದಲ್ಲಿ ಕೊಡುವುದಿಲ್ಲವೇ?” ಎಂದು ಕೇಳುವವರು ಈ ಹಿಂಜರಿತದ ಕಥೆಯನ್ನೂ ಕೇಳಿಕೊಳ್ಳುವುದು ಒಳ್ಳೆಯದು.

ಬಯಲುಸೀಮೆಯ ಓಟಗಳಲ್ಲಿ ಇದಕ್ಕಿಂತಲೂ ಹೆಚ್ಚಾಗಿ ಚಿಂತೆಗೆ ಕಾರಣವಾಗತಕ್ಕವು ನೋವು ನಿವಾರಕ ಮದ್ದುಗಳು. ಇವು ಅಂಗಡಿಯಲ್ಲಿ ಸುಲಭವಾಗಿ ದೊರೆಯುತ್ತವೆ, ಬೆಲೆ ಅಲ್ಪ, ಫಲ ಬೇಗ. ಕುಂಟುವ ಎತ್ತು ಅರ್ಧ ದಿನದಲ್ಲಿ ಕುಂಟುವುದನ್ನು ಬಿಟ್ಟುಬಿಡುತ್ತದೆ. ಆದರೆ ನೋವು ಎಂಬುದು ಕಾವಲುಗಾರನಿದ್ದಂತೆ. ಉಳುಕಿದ ಸ್ನಾಯುರಜ್ಜುವಿನ ಮೇಲೆ ಭಾರ ಹಾಕಬೇಡವೆಂದು ಎತ್ತಿಗೆ ಹೇಳುವುದು ಅದೇ. ಕಾವಲುಗಾರನ ಬಾಯಿ ಕಟ್ಟಿ ಓಡಿಸಿದರೆ, ಎಂಟು ದಿನದ ವಿಶ್ರಾಂತಿಯಿಂದ ವಾಸಿಯಾಗಬೇಕಾಗಿದ್ದ ಕಾಲು ಓಟದ ನಡುವೆ ಮುರಿದು ಎತ್ತು ಜನ್ಮಕ್ಕೆ ನಿರುಪಯೋಗಿಯಾಗುತ್ತದೆ. ಗಾಡಿ ಉರುಳಿದರೆ ಹೊಡೆಯುವವನಿಗೂ, ದಾರಿಯ ಬದಿಯಲ್ಲಿ ನಿಂತ ಮಕ್ಕಳಿಗೂ ಆಪತ್ತು.

ಕಣ್ಣಿಗೆ ಕಾಣದ ಹಾನಿ ಇನ್ನೊಂದುಂಟು. ಶರೀರದಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳು ಉತ್ಪತ್ತಿಯಾಗುತ್ತವೆ. ನೋವು ಊತಗಳಿಗೆ ಕಾರಣವಾಗುವುದೂ ಇವೇ. ನೀರು ಕಡಿಮೆಯಾದಾಗ ಮೂತ್ರಪಿಂಡದ ನಾಳಗಳನ್ನು ತೆರೆದಿಟ್ಟು ಅದಕ್ಕೆ ಒಂದಿಷ್ಟಾದರೂ ರಕ್ತ ಹರಿಯುವಂತೆ ಕಾಪಾಡುವುದೂ ಇವೇ. ಫಿನೈಲ್‌ಬ್ಯೂಟಜೋನ್ ಮುಂತಾದ ನೋವಿನ ಮದ್ದುಗಳು ಈ ದ್ರವ್ಯಗಳ ಉತ್ಪತ್ತಿಯನ್ನೇ ತಡೆಯುತ್ತವೆ. ಕುದುರೆಗೆ ಇಂಥಾ ಮದ್ದನ್ನು ಕೊಟ್ಟಮೇಲೆ ಫ್ಯೂರೋಸಮೈಡ್ ಕೊಟ್ಟರೆ, ಎರಡನೆಯದರ ಫಲವು ಕುಂದುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಒಂದು ಮದ್ದು ಇನ್ನೊಂದರ ಕೈ ಹಿಡಿದು ಎಳೆಯುವ ಬಗೆ ಹೀಗಿದೆ. ಈಗ ಬಯಲುಸೀಮೆಯ ಒಂದು ಬೇಸಗೆಯ ಮಧ್ಯಾಹ್ನವನ್ನು ಊಹಿಸಿಕೊಳ್ಳಬೇಕು. ಎತ್ತು ಬೆಳಿಗ್ಗೆಯಿಂದ ಲಾರಿಯಲ್ಲಿ ನಿಂತು ಬಂದಿದೆ, ಹೊಟ್ಟೆ ಭಾರವಾದೀತೆಂದು ನೀರು ಕುಡಿಸಿಲ್ಲ, ಬಿಸಿಲಿನಲ್ಲಿ ಬೆವರಿದೆ. ಓಟವು ಮೂತ್ರಪಿಂಡದ ರಕ್ತವನ್ನು ಖಂಡಗಳ ಕಡೆಗೆ ಸೆಳೆದಿದೆ. ಆ ಅಂಗಕ್ಕೆ ಉಳಿದಿದ್ದ ಕಟ್ಟಕಡೆಯ ರಕ್ಷಣೆಯನ್ನು ನೋವಿನ ಮದ್ದು ತೆಗೆದುಹಾಕಿದೆ. ಬಾಯಾರಿದ ಪ್ರಾಣಿಗೆ ಈ ಮದ್ದುಗಳನ್ನು ಕೊಟ್ಟರೆ ಮೂತ್ರಪಿಂಡದ ಒಳಭಾಗ ಕೊಳೆತುಹೋಗುವುದುಂಟೆಂದು ಪಶುವೈದ್ಯಶಾಸ್ತ್ರದಲ್ಲಿ ಬಹುಕಾಲದಿಂದ ತಿಳಿದ ವಿಷಯ. ಓಟದ ದಿನ ಏನೂ ಗೊತ್ತಾಗುವುದಿಲ್ಲ. ವಾರಗಳು ಕಳೆದಮೇಲೆ ಎತ್ತು ಮೇವು ಬಿಟ್ಟು ಸೊರಗಿದರೆ, ದೃಷ್ಟಿಯಾಯಿತೆಂದು ಮನೆಯವರು ಮೆಣಸಿನಕಾಯಿ ನಿವಾಳಿಸುತ್ತಾರೆ!

ಇದೇ ಜಾತಿಯ ಮದ್ದುಗಳಲ್ಲಿ ಒಂದಾದ ಡೈಕ್ಲೋಫೆನಾಕ್ ದನಗಳ ಶವದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ, ಅವುಗಳ ಮೂತ್ರಪಿಂಡವನ್ನು ಕೆಡಿಸಿ, ಭರತಖಂಡದಲ್ಲೆಲ್ಲಾ ಆ ಹಕ್ಕಿಗಳನ್ನು ನಿರ್ನಾಮದ ಅಂಚಿಗೆ ತಂದಿತು. ಕೇಂದ್ರ ಸರ್ಕಾರವು 2006ರಲ್ಲಿ ಪಶುಗಳಿಗೆ ಅದರ ಉಪಯೋಗವನ್ನು ನಿಷೇಧಿಸಿತು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಎಂಬವೂ ಆ ಪಟ್ಟಿಗೆ ಸೇರಿದುವು. ಹೀಗಿದ್ದರೂ ಮನುಷ್ಯರಿಗೆಂದು ಮಾರುವ ಮದ್ದನ್ನು ತಂದು ಎತ್ತಿಗೆ ಚುಚ್ಚುವವರು ಇಲ್ಲದಿಲ್ಲ. ಅಂಥವರು ಎತ್ತಿಗೂ ಕಾನೂನಿಗೂ ಒಟ್ಟಿಗೇ ಅಪರಾಧಿಗಳಾಗುತ್ತಾರೆ.

ಉತ್ತೇಜಕಗಳ ಮಾತು ಹೆಚ್ಚು ಬೇಕಾಗಿಲ್ಲ. ಹಿಂದಿನ ಕಾಲದ ಪಶುವೈದ್ಯ ಗ್ರಂಥಗಳಲ್ಲಿ ಕಾಸರಕದ ಬೀಜವನ್ನು ಬಲವರ್ಧಕವೆಂದು ಹೇಳಿರುವುದುಂಟು. ಅದರಲ್ಲಿರುವ ಸ್ಟ್ರಿಕ್ನಿನ್ ಘೋರವಾದ ವಿಷ; ಅಳತೆ ಸ್ವಲ್ಪ ಮೀರಿದರೆ ಪ್ರಾಣಿ ಸೆಟೆದುಕೊಂಡು ಸಾಯುತ್ತದೆ. ಕಾಫಿಯ ಸಾರವಾದ ಕೆಫೀನ್ ಹೃದಯವನ್ನು ಕೆರಳಿಸುತ್ತದೆಯೇ ಹೊರತು ಅದಕ್ಕೆ ಆಹಾರ ಕೊಡುವುದಿಲ್ಲ. ಸಾರಾಯಿಯು ಚರ್ಮದ ನಾಳಗಳನ್ನು ಹಿಗ್ಗಿಸಿ, ಖಂಡಗಳಿಗೆ ಬೇಕಾದ ರಕ್ತವನ್ನು ಹೊರಮೈಗೆ ಚೆಲ್ಲುತ್ತದೆ. ಕಾಲಿಡುವ ಹದವನ್ನೂ ಕೆಡಿಸುತ್ತದೆ. ಉಬ್ಬಸದ ಮದ್ದಾದ ಕ್ಲೆನ್‌ಬ್ಯೂಟರಾಲನ್ನು ಕುದುರೆಗಳಿಗೆ ವಾರಗಟ್ಟಲೆ ಕೊಟ್ಟು ನೋಡಿದಾಗ ಮೈಯಲ್ಲಿ ಮಾಂಸ ಹೆಚ್ಚಿದರೂ ದಮ್ಮಿನ ಶಕ್ತಿ ತಗ್ಗಿತು. ಕಣ್ಣಿಗೆ ಕೊಬ್ಬಿದಂತೆ ಕಾಣುವ ಪ್ರಾಣಿ ಓಟದಲ್ಲಿ ಸೋತಿತು ಎಂದರೆ ಇದಕ್ಕಿಂತ ಹೆಚ್ಚಿನ ಪಾಠ ಬೇಕಾಗಿಲ್ಲ.

ಇನ್ನು ಲಾರಿಯಲ್ಲಿ ಒಯ್ಯುವಾಗ ಗಲಾಟೆ ಮಾಡದಿರಲೆಂದು ಮತ್ತು ಬರುವ ಮದ್ದು ಕೊಡುವುದು. ಈ ಬಗ್ಗೆ ಒಂದೇ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ಜೈಲಜೀನ್ ಎಂಬ ಔಷಧವು ಕುದುರೆಗೆ ಎಷ್ಟು ಬೇಕೋ ಅದರ ಹತ್ತನೆಯ ಒಂದು ಪಾಲಿಗೇ ದನ ನೆಲಕ್ಕೆ ಬೀಳುತ್ತದೆ. ಹೃದಯದ ಬಡಿತ ಕುಗ್ಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಕುದುರೆಯ ಲಾಯದಲ್ಲಿ ಕೆಲಸ ಮಾಡಿ ಬಂದವನೊಬ್ಬನ ಮಾತು ಕೇಳಿ ಅವನ ಅಳತೆಯಲ್ಲಿ ಎತ್ತಿಗೆ ಚುಚ್ಚಿದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ. ಶಾಂತಗೊಳಿಸುವ ಬೇರೆ ಕೆಲವು ಮದ್ದುಗಳು ನಾಳಗಳನ್ನು ಸಡಿಲಿಸಿ ರಕ್ತದ ಒತ್ತಡವನ್ನು ಇಳಿಸುವುದರ ಜೊತೆಗೆ, ಓಟಕ್ಕೆ ಬೇಕಾದ ಕೆಂಪುಕಣಗಳನ್ನು ಮತ್ತೆ ಗುಲ್ಮದೊಳಕ್ಕೆ ಸೇರಿಸಿಬಿಡುತ್ತವೆ. ಕಣಜದ ಬಾಗಿಲು ತೆರೆಯಬೇಕಾದ ದಿನವೇ ಅದಕ್ಕೆ ಬೀಗ ಹಾಕಿದಂತೆ!

ಎತ್ತು ಕುದುರೆಯಲ್ಲವೆಂಬುದನ್ನು ಬೇರೆ ಕಾರಣಗಳಿಂದಲೂ ಮರೆಯಬಾರದು. ಕುದುರೆಯ ಶರೀರದಲ್ಲಿ ತೂಕಕ್ಕೆ ತಕ್ಕಂತೆ ಇರುವ ರಕ್ತವು ಎತ್ತಿನಲ್ಲಿರುವುದಕ್ಕಿಂತ ಹೆಚ್ಚು. 400 ಕಿಲೋಗ್ರಾಮು ತೂಗುವ ಎತ್ತಿನಲ್ಲಿ ರಕ್ತವು ಸುಮಾರು 22ರಿಂದ 24 ಲೀಟರು ಮಾತ್ರ. ಎತ್ತು ಮೆಲುಕು ಹಾಕುವ ಪ್ರಾಣಿ. ಮೇವು ನೀರುಗಳಿಂದ ತುಂಬಿದ ದೊಡ್ಡ ಹೊಟ್ಟೆಯನ್ನು ಹೊತ್ತು ಓಡಬೇಕು. ಅದರ ಹಿರಿಮೆ ಬೇರೆ ತರಹದ್ದು. ಚಿಕ್ಕದೇವರಾಜ ಒಡೆಯರು (1672-1704) ಬೆಣ್ಣೆಚಾವಡಿಯೆಂದು ಕರೆದು ಬೆಳೆಸಿ, ಮುಂದೆ ಟಿಪ್ಪುಸುಲ್ತಾನನಿಂದ ಅಮೃತಮಹಲ್ ಎಂಬ ಹೆಸರು ಪಡೆದ ಈ ದನಗಳು ಹೈದರಾಲಿಯ ಸೈನ್ಯದ ಸಾಮಾನುಗಳನ್ನು ಹೊತ್ತು ಎರಡೂವರೆ ದಿವಸದಲ್ಲಿ ನೂರು ಮೈಲಿ ನಡೆದು ಚಿದಂಬರವನ್ನು ಮುಟ್ಟಿದುವೆಂದು ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಲ್ಲಿ ದಾಖಲೆಯಾಗಿದೆ. ಪೇಷ್ವೆಯ ಬೆನ್ನಟ್ಟಿದ ಪ್ರಿಟ್‌ಜ್ಲರ್ ದಂಡನಾಯಕನ ಸೈನ್ಯದೊಡನೆ 25 ದಿನಗಳಲ್ಲಿ 346 ಮೈಲಿ ನಡೆದುದನ್ನೂ ಅಲ್ಲಿಯೇ ಹೇಳಿದೆ. ಅಂದು ಅವುಗಳಿಗೆ ಸೂಜಿಯೂ ಇರಲಿಲ್ಲ, ಗುಳಿಗೆಯೂ ಇರಲಿಲ್ಲ. ಕಾವಲಿನ ಹುಲ್ಲು, ಹುರುಳಿ, ದಿನದಿನದ ನಡಿಗೆ ಇವುಗಳಿಂದ ಬಲಿತ ಹೃದಯ ಮತ್ತು ಖಂಡಗಳು ಮಾತ್ರ ಇದ್ದುವು.

ಇಲ್ಲಿ ಇಡೀ ವಿಷಯದ ತಿರುಳಿರುವುದು. ಒಂದು ಜೊತೆ ಎತ್ತು ಹಾಳಾದರೆ ಒಬ್ಬ ರೈತನಿಗೆ ನಷ್ಟ. ತಳಿ ಹಾಳಾದರೆ ನಾಡಿಗೇ ನಷ್ಟ. ಓಟವು ಹಿಂದಿನಿಂದಲೂ ಒಂದು ಪರೀಕ್ಷೆಯಾಗಿತ್ತು. ಯಾವ ಹೋರಿಯ ದಮ್ಮು ಗಟ್ಟಿ, ಯಾವುದರ ಗೊರಸು ಗಟ್ಟಿ, ಯಾವುದು ಓಡಿ ಬಂದಮೇಲೆ ಬೇಗ ಸುಧಾರಿಸಿಕೊಳ್ಳುತ್ತದೆ ಎಂಬುದನ್ನು ಜನರು ಅಲ್ಲಿ ಕಣ್ಣಾರೆ ಕಾಣುತ್ತಿದ್ದರು. ಗೆದ್ದ ಹೋರಿಯ ಬೀಜಕ್ಕೆ ಬೆಲೆ ಹೆಚ್ಚುವುದು ಸಹಜ. ಆದರೆ ಗೆದ್ದುದು ಹೋರಿಯೋ ಮದ್ದೋ ಎಂಬುದು ತಿಳಿಯದಿದ್ದರೆ, ಕುಂಟನ್ನೂ ದುರ್ಬಲವಾದ ಎದೆಯನ್ನೂ ಮುಚ್ಚಿಟ್ಟು ಗೆದ್ದ ಹೋರಿಗೆ ಹಳ್ಳಿಯ ಒಳ್ಳೆಯ ಹಸುಗಳನ್ನೆಲ್ಲಾ ಕೊಟ್ಟಂತಾಗುತ್ತದೆ. ಕುದುರೆಗಳಲ್ಲಿ ಮೂಗಿನಿಂದ ರಕ್ತ ಬರುವ ದೋಷವು ಸ್ವಲ್ಪಮಟ್ಟಿಗೆ ವಂಶಪಾರಂಪರ್ಯವಾಗಿ ಬರುತ್ತದೆಂದು ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾಗಳ ದಾಖಲೆಗಳನ್ನು ಪರಿಶೋಧಿಸಿದವರು ಹೇಳಿದ್ದಾರೆ. ಔಷಧದ ಬಲದಿಂದ ಈ ದೋಷವನ್ನು ಅಡಗಿಸಿ ಗೆಲ್ಲಿಸಿದ ಕುದುರೆಗಳಿಂದಲೇ ಸಂತಾನ ಪಡೆಯುವುದು ಎಲ್ಲಿಗೆ ಮುಟ್ಟೀತೆಂಬ ಚಿಂತೆ ಆ ದೇಶಗಳಲ್ಲಿಯೇ ಎದ್ದಿದೆ. ಅಮೃತಮಹಲ್ ತಳಿಗೆ ಅಂಥಾ ಪ್ರಯೋಗದ ಅವಶ್ಯಕತೆಯಿಲ್ಲ. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಈ ಹಿಂಡುಗಳನ್ನು ಚದರಿಸಿಬಿಟ್ಟು, ಸೈನ್ಯಕ್ಕೆ ತಕ್ಕ ಎತ್ತುಗಳೇ ಸಿಕ್ಕದೆ, 1866ರಲ್ಲಿ ಮತ್ತೆ ಕೂಡಿಸಬೇಕಾಗಿ ಬಂದ ಚರಿತ್ರೆಯು ಈ ಸೀಮೆಯವರಿಗೆ ತಿಳಿಯದುದೇನಲ್ಲ. ಅಂದು ಹರಿದುಹೋದ ಹಿಂಡನ್ನು ಮತ್ತೆ ಕೂಡಿಸಲು ಸಾಧ್ಯವಾಯಿತು. ಒಳಗೊಳಗೇ ಕೆಟ್ಟ ರಕ್ತವನ್ನು ಹಾಗೆ ಕೂಡಿಸುವುದು ಸುಲಭವಲ್ಲ.

ಕಾನೂನಿನ ಸ್ಥಿತಿಯನ್ನೂ ಮುಖಂಡರು ಅರಿತಿರಬೇಕು. ಸರ್ವೋಚ್ಚ ನ್ಯಾಯಾಲಯವು 2014ನೆಯ ಮೇ 7ರಂದು ಜಲ್ಲಿಕಟ್ಟು ಮತ್ತು ಗಾಡಿ ಓಟಗಳನ್ನು ನಿಲ್ಲಿಸಿ ತೀರ್ಪು ಕೊಟ್ಟಾಗ, ಪ್ರಾಣಿಗಳಿಗೆ ಬಲಾತ್ಕಾರದಿಂದ ದ್ರವಗಳನ್ನು ಕುಡಿಸುವ, ಕಣ್ಣಿಗೆ ಖಾರ ಹಚ್ಚುವ ಕೃತ್ಯಗಳ ವರದಿಗಳು ಅದರ ಮುಂದಿದ್ದುವು. ಕರ್ನಾಟಕದ ಶಾಸನಸಭೆಯು 2017ರ ತಿದ್ದುಪಡಿಯಿಂದ ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ ಮತ್ತೆ ಅವಕಾಶ ಕಲ್ಪಿಸಿತು. 2023ನೆಯ ಮೇ 18ರಂದು ಐದು ಮಂದಿ ನ್ಯಾಯಾಧೀಶರ ಪೀಠವು ಅದನ್ನು ಎತ್ತಿಹಿಡಿಯಿತು. ಸಂಪ್ರದಾಯವನ್ನು ಉಳಿಸಿಕೊಳ್ಳಲು ದೊರೆತ ಈ ಅವಕಾಶವು ಪ್ರಾಣಿಗೆ ಹಿಂಸೆಯಾಗದೆ ನಡೆಯಬೇಕೆಂಬ ಕಟ್ಟುಪಾಡಿಗೆ ಒಳಪಟ್ಟದ್ದು. ಹಾನಿಕರವಾದ ಮದ್ದನ್ನು ಪ್ರಾಣಿಗೆ ಬೇಕೆಂದೇ ಕೊಡುವುದು 1960ರ ಪ್ರಾಣಿಹಿಂಸಾ ನಿವಾರಣಾ ಶಾಸನದ 11ನೆಯ ಪ್ರಕರಣದ ಮೇರೆಗೆ ಅಪರಾಧವಾಗಿಯೇ ಉಳಿದಿದೆ. ಒಂದೆರಡು ಊರುಗಳ ದುರಾಶೆಯಿಂದ ಇಡೀ ರಾಜ್ಯದ ಓಟಗಳಿಗೆ ಮತ್ತೆ ಕುತ್ತು ಬಂದರೆ ಆಗ ನ್ಯಾಯಾಲಯವನ್ನು ದೂರಿ ಫಲವಿಲ್ಲ.

ಆದಕಾರಣ ಓಟ ನಡೆಸುವ ಪಂಚರು ಮೊದಲೇ ಡಂಗುರ ಸಾರಿಸಿ, ಓಟದ ದಿನ ಯಾವ ಮದ್ದನ್ನೂ ಪಡೆದ ಎತ್ತನ್ನು ಗೆರೆಗೆ ಬಿಡುವುದಿಲ್ಲವೆಂದು ಗೊತ್ತುಮಾಡತಕ್ಕದ್ದು. ಬೆಂಗಳೂರು, ಮೈಸೂರುಗಳ ಕುದುರೆ ಪಂದ್ಯಗಳಲ್ಲಿ ಗೆದ್ದ ಕುದುರೆಯ ಮೂತ್ರ ಮತ್ತು ರಕ್ತವನ್ನು ತೆಗೆದು ಪ್ರಯೋಗಶಾಲೆಗೆ ಕಳುಹಿಸುವ ಪದ್ಧತಿ ಬೆಳೆದು ಬಂದಿದೆ. ಹಳ್ಳಿಯ ಓಟಕ್ಕೆ ಅಷ್ಟು ವೆಚ್ಚದ ಏರ್ಪಾಡು ಎಲ್ಲ ಕಡೆಯೂ ಸಾಧ್ಯವಲ್ಲವೆಂಬುದು ನಿಜ. ಆದರೆ ತಾಲ್ಲೂಕಿನ ಪಶುವೈದ್ಯಾಧಿಕಾರಿಗಳನ್ನು ಮುಂಚಿತವಾಗಿ ಬರಮಾಡಿಕೊಂಡು, ಪ್ರತಿಯೊಂದು ಜೊತೆಯನ್ನೂ ಓಟಕ್ಕೆ ಮೊದಲು ನಡೆಸಿ ನೋಡಿ, ಕುಂಟು, ಜ್ವರ, ಜೊಲ್ಲು, ಮಂಕುಗಣ್ಣು ಇವುಗಳಲ್ಲಿ ಯಾವುದು ಕಂಡರೂ ಹಿಂದಕ್ಕೆ ಕಳುಹಿಸುವುದಕ್ಕೆ ವೆಚ್ಚವೇನೂ ತಗಲುವುದಿಲ್ಲ. ಧೈರ್ಯ ಮಾತ್ರ ಬೇಕು. ಊರಿನ ದೊಡ್ಡ ಮನೆಯವರ ಎತ್ತನ್ನೇ ಮೊದಲು ಹಿಂದಕ್ಕೆ ಕಳುಹಿಸಬೇಕಾಗಿ ಬಂದರೆ ಆ ಧೈರ್ಯದ ಪರೀಕ್ಷೆ ಬೇಗ ಮುಗಿಯುತ್ತದೆ! ಕಾಯಿಲೆಯ ಎತ್ತಿಗೆ ಔಷಧ ಬೇಡವೆಂದು ಯಾರೂ ಹೇಳುವುದಿಲ್ಲ. ವೈದ್ಯರು ಬರೆದುಕೊಟ್ಟ ಮದ್ದನ್ನು ಕೊಟ್ಟಿಗೆಯಲ್ಲಿ ಕಟ್ಟಿ ಕೊಡಬೇಕು. ಮದ್ದಿನ ಫಲ ಮೈಯಿಂದ ಪೂರ್ತಿ ಇಳಿದು ವೈದ್ಯರು ಒಪ್ಪುವವರೆಗೆ ನೊಗ ಹೂಡಬಾರದು.

ರಕ್ತಸಂಚಾರವನ್ನು ನಿಜವಾಗಿಯೂ ವೃದ್ಧಿಗೊಳಿಸುವ ಉಪಾಯವು ಅಂಗಡಿಯಲ್ಲಿ ದೊರೆಯುವುದಿಲ್ಲ. ವಾರಗಟ್ಟಲೆ ಕ್ರಮವಾಗಿ ದೂರವನ್ನು ಹೆಚ್ಚಿಸುತ್ತಾ ನಡೆಸಿದ ಪ್ರಾಣಿಯ ಹೃದಯವು ಪ್ರತಿ ಮಿಡಿತಕ್ಕೂ ಹೆಚ್ಚು ರಕ್ತವನ್ನು ನೂಕಬಲ್ಲದಾಗುತ್ತದೆ. ಖಂಡಗಳಲ್ಲಿ ಹೊಸ ಸೂಕ್ಷ್ಮನಾಳಗಳು ಹುಟ್ಟುತ್ತವೆ. ಇದಕ್ಕೆ ಅಡ್ಡದಾರಿಯಿಲ್ಲ. ವರ್ಷವೆಲ್ಲಾ ಗೊಂತಿನಲ್ಲಿ ಕಟ್ಟಿ, ಹಿಂಡಿ ಬೂಸಗಳಿಂದ ಕೊಬ್ಬಿಸಿ, ಜಾತ್ರೆಯ ವಾರ ಮಾತ್ರ ಓಡಿಸುವ ಎತ್ತಿಗಿಂತ ಗಾಡಿ ಎಳೆಯುವ ಬಡವನ ಎತ್ತು ಅನೇಕ ವೇಳೆ ಮೇಲಾಗಿ ನಿಲ್ಲುವುದಕ್ಕೆ ಕಾರಣ ಇದೇ. ಓಟವನ್ನು ಬಿಸಿಲೇರುವ ಮುನ್ನ ಮುಗಿಸುವುದು, ಲಾರಿಯಿಂದ ಇಳಿದ ಎತ್ತಿಗೆ ನೆರಳಿನಲ್ಲಿ ಸಾಕಷ್ಟು ಹೊತ್ತು ವಿಶ್ರಾಂತಿ ಕೊಡುವುದು, ನೀರನ್ನು ಹಿಡಿದಿಡದೆ ಸ್ವಲ್ಪ ಸ್ವಲ್ಪವಾಗಿ ಕುಡಿಸುವುದು, ಓಡಿ ಬಂದೊಡನೆ ಕಟ್ಟಿಹಾಕದೆ ಮೆಲ್ಲನೆ ಅಡ್ಡಾಡಿಸಿ ಮೈಗೆ ನೀರೆರಚುವುದು ಇವುಗಳಿಂದ ಆಗುವ ಪ್ರಯೋಜನ ಯಾವ ಸೂಜಿಯಿಂದಲೂ ಆಗದು.

ಎತ್ತಿನ ಬಲವನ್ನು ಅಳೆಯುವುದಕ್ಕೆ ಗೆರೆ ಮುಟ್ಟಿದ ಕಾಲವೊಂದೇ ಸಾಧನವಲ್ಲ. ದೂರದ ದಾರಿಯ ಕುದುರೆ ಸವಾರಿಯ ಪಂದ್ಯಗಳಲ್ಲಿ ಕುದುರೆಯ ನಾಡಿಯು ಗೊತ್ತಾದ ನಿಮಿಷಗಳೊಳಗೆ 64ಕ್ಕೆ ಇಳಿಯದಿದ್ದರೆ ಅದನ್ನು ಪಂದ್ಯದಿಂದ ತೆಗೆದುಬಿಡುತ್ತಾರೆ. ಎಷ್ಟು ಮುಂಚೆ ಬಂದಿದ್ದರೂ ಗೆಲುವಿಲ್ಲ. ಎತ್ತಿಗೆ ಅದೇ ಸಂಖ್ಯೆಯನ್ನು ಹೊಂದಿಸುವುದು ಸರಿಯಲ್ಲ. ಆದರೆ ಒಡೆಯನು ಬೆಳಗಿನ ಹೊತ್ತು ಕೊಟ್ಟಿಗೆಯಲ್ಲಿಯೇ, ಬಾಲದ ಬುಡದ ಕೆಳಭಾಗದಲ್ಲಿ ಬೆರಳಿಟ್ಟು, ಎತ್ತಿನ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆದಿಟ್ಟುಕೊಳ್ಳಬಹುದು. ಪಳಗಿದ ಎತ್ತು ಇದಕ್ಕೆ ಬೇಸರಪಡುವುದಿಲ್ಲ. ಓಟದ ದಿನ ಗೆರೆ ದಾಟಿದ ಅರ್ಧ ಗಂಟೆಯ ಮೇಲೆ ಪಶುವೈದ್ಯರು ಮತ್ತೊಮ್ಮೆ ಎಣಿಸಿ, ಎರಡು ಸಂಖ್ಯೆಗಳನ್ನೂ ಅಕ್ಕಪಕ್ಕದಲ್ಲಿ ಬರೆದು ಪಂಚರ ಮುಂದಿಡಲಿ. ಬಹುಮಾನದ ಹಣದಲ್ಲಿ ಒಂದು ಪಾಲನ್ನು ಬೇಗ ಸುಧಾರಿಸಿಕೊಂಡ ಜೊತೆಗೆ ಮೀಸಲಿಡುವುದನ್ನು ಮುಂದಿನ ಸುಗ್ಗಿಯ ಓಟಗಳಲ್ಲಿ ಅಜ್ಜಂಪುರ, ಬೀರೂರು, ಲಿಂಗದಹಳ್ಳಿಗಳ ಕಡೆಯವರು ಆರಂಭಿಸಿ ನೋಡಬಹುದು. ಆ ಪುಸ್ತಕವನ್ನು ಮೂರು ನಾಲ್ಕು ವರ್ಷ ಜೋಪಾನ ಮಾಡಿಟ್ಟರೆ, ಹೋರಿಯನ್ನು ಆರಿಸುವವನಿಗೆ ಹರಾಜಿನ ಕೂಗಿಗಿಂತ ಅದೇ ಹೆಚ್ಚು ಹೇಳುತ್ತದೆ.